ಕೋಲಾರದ ಚಿನ್ನ, ಮೆಟ್ನರ್‌ನ ಪಿಯಾನೋ

ಹಳೆಯ ಗ್ರಾಮಫೋನ್ ತಟ್ಟೆಗಳು ಸಿ.ಡಿ.ಗಳಾಗಿ ಮತ್ತೆ ಹೊರಬಂದಾಗ ನುಡಿಸಿದವರು ಯಾರೆಂದು ಎಲ್ಲರೂ ಕೇಳುತ್ತೇವೆ. ಹಣ ಕೊಟ್ಟವರು ಯಾರೆಂದು ಕೇಳುವವರು ಕಡಿಮೆ. 1990ರ ದಶಕದಲ್ಲಿ ಇಂಗ್ಲೆಂಡಿನ ಟೆಸ್ಟಮೆಂಟ್ ಸಂಸ್ಥೆ ಮರುಬಿಡುಗಡೆ ಮಾಡಿದ ನಿಕೊಲಾಯ್ ಮೆಟ್ನರ್‌ನ ಪಿಯಾನೋ ಧ್ವನಿಮುದ್ರಣಗಳ ಮಟ್ಟಿಗೆ ಆ ಉತ್ತರ ನಮ್ಮ ಮೈಸೂರಿನಲ್ಲಿದೆ.

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್, ರಖ್ಮಾನಿನೋವ್‌ನ ಗೆಳೆಯ. ಕ್ರಾಂತಿಯ ನಂತರ ರಷ್ಯಾ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ. ಎರಡನೇ ಮಹಾಯುದ್ಧದ ಹೊತ್ತಿಗೆ ಕೈ ಬರಿದಾಗಿತ್ತು, ಆರೋಗ್ಯವೂ ಕೆಟ್ಟಿತ್ತು. ಆಗ ನೆರವಿಗೆ ಬಂದವರು ಜಯಚಾಮರಾಜೇಂದ್ರ ಒಡೆಯರ್. ಅವರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು, ಎಚ್.ಎಂ.ವಿ. ಸಂಸ್ಥೆ ಧ್ವನಿಮುದ್ರಿಸಿತು. ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತನ್ನ ಮೂರೂ ಕನ್ಚೆರ್ಟೊಗಳನ್ನು ಮೆಟ್ನರ್ ತಾನೇ ನುಡಿಸಿದ. ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿದ. ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಸುತ್ತಿದ್ದ ಕಾಲ. ಒಂದು ಕನ್ಚೆರ್ಟೊಗೆ ಹಲವು ತಟ್ಟೆಗಳೇ ಬೇಕಿದ್ದವು. 1951ರಲ್ಲಿ ಮೆಟ್ನರ್ ತೀರಿಕೊಂಡ. ಅಷ್ಟರೊಳಗೆ ಈ ಕೆಲಸ ಆಗದಿದ್ದರೆ ಅವನ ಕನ್ಚೆರ್ಟೊಗಳು ಅವನದೇ ಬೆರಳುಗಳಲ್ಲಿ ನಮಗೆ ಕೇಳಸಿಗುತ್ತಿರಲಿಲ್ಲ.

ಕನ್ಚೆರ್ಟೊಗಳ ಧ್ವನಿಮುದ್ರಣ ನಡೆದದ್ದು 1947ರಲ್ಲಿ. ಕೋಲಾರ ಸೀಮೆಯವನಾದ ನನಗೆ ಆ ವರ್ಷ ಇನ್ನೊಂದು ಕಾರಣಕ್ಕೆ ಮುಖ್ಯ. ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆದದ್ದೂ ಆಗಲೇ. ಆ ಅಕ್ಟೋಬರಿನಲ್ಲಿ ಮಹಾರಾಜರು ಮಣಿದರು. ನಮ್ಮ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಅರಮನೆಯ ಔದಾರ್ಯದ ಹಿಂದೆ ಒಂದು ಸಂಸ್ಥಾನದ ಆದಾಯವಿತ್ತು. ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಬ್ರಿಟಿಷ್ ಕಂಪನಿಗಳು ಮೈಸೂರು ಸರ್ಕಾರಕ್ಕೆ ರಾಜಧನ ಕಟ್ಟುತ್ತಿದ್ದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿನ ಕಾರ್ಮಿಕರಿಗೆ ಬಂಡೆ ಸಿಡಿತದ ಭಯ, ಕಲ್ಲುಪುಡಿಯಿಂದ ಶ್ವಾಸಕೋಶದ ರೋಗ. ಆ ಚಿನ್ನದಿಂದ ಈ ತಟ್ಟೆಗಳಿಗೆ ನೇರ ಗೆರೆ ಎಳೆಯಲು ನಾನು ಹೊರಟಿಲ್ಲ. ಆದರೆ ರಾಜಾಶ್ರಯ ಎಂದೊಡನೆ ರಾಜನ ಅಭಿರುಚಿಯನ್ನಷ್ಟೇ ಹೊಗಳಿ, ಬೊಕ್ಕಸ ತುಂಬಿದವರನ್ನು ಬಿಟ್ಟರೆ ಆ ಚರಿತ್ರೆ ಅರ್ಧ.

ಮಹಾರಾಜರ ಅಭಿರುಚಿ ತೋರಿಕೆಯದಲ್ಲ. ಪಾಶ್ಚಾತ್ಯ ಸಂಗೀತವನ್ನು ಬಲ್ಲ ಅವರು 'ಶ್ರೀವಿದ್ಯಾ' ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಅವರ ಹೆಸರು ಮೆಟ್ನರ್‌ನ ಹೆಸರಿನ ಪಕ್ಕದಲ್ಲಿ ಉಳಿದಿದೆ, ಉಳಿಯಬೇಕಾದದ್ದೇ. ಮರುಬಿಡುಗಡೆ ಮಾಡುವವರು ಹಳೆಯ ತಟ್ಟೆಯ ಕರಕರ ಸದ್ದನ್ನು ತೆಗೆದು ಸಂಗೀತವನ್ನು ಶುದ್ಧಗೊಳಿಸುತ್ತಾರೆ. ಅದು ಅವರ ಕೆಲಸ. ಹಾಗೆ ಕೇಳಿಸದೆ ಹೋದವರ ಸದ್ದನ್ನು ಲೆಕ್ಕಕ್ಕೆ ತರುವುದು ಚರಿತ್ರೆ ಓದುವ ನಮ್ಮ ಕೆಲಸ.