ಶುಕನಾಸಿಯ ಮೇಲಿನ ಸಳ

ದೇವಾಲಯದ ಗರ್ಭಗೃಹದ ಮೇಲೆ ಶಿಖರವಿರುತ್ತದೆ. ಅದರ ಮುಂದಿನ ಅಂತರಾಳದ ಮೇಲೆ, ಶಿಖರಕ್ಕೆ ಹೊಂದಿಕೊಂಡು ಮುಂಚಾಚಿದ ತಗ್ಗಾದ ಶಿಲಾಭಾಗವೇ ಶುಕನಾಸಿ. ಗಿಳಿಯ ಮೂಗಿನ ಹೋಲಿಕೆಯಿಂದ ಈ ಹೆಸರು. ಕನ್ನಡದಲ್ಲಿ ಕೆಳಗಿನ ಅಂತರಾಳವನ್ನೂ ಸುಕನಾಸಿ ಎಂದು ಕರೆಯುವ ರೂಢಿಯುಂಟು.

ಹೊಯ್ಸಳರ ಕಾಲದ ಅನೇಕ ಗುಡಿಗಳಲ್ಲಿ ಈ ಶುಕನಾಸಿಯ ನೆತ್ತಿಯ ಮೇಲೆ ಮೃಗದೊಡನೆ ಹೋರಾಡುವ ವೀರನ ಶಿಲ್ಪವಿದೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ, 1196ರ ಅಮೃತಾಪುರದ ಅಮೃತೇಶ್ವರ ಗುಡಿ ಇದಕ್ಕೆ ನಿದರ್ಶನಗಳು. ಗುಡಿ ಶೈವವಾಗಲಿ ವೈಷ್ಣವವಾಗಲಿ, ಶಿಲ್ಪದ ಹಿಂದಿನ ಕಥೆಯಲ್ಲಿರುವ ಗುರು ಮಾತ್ರ ಜೈನಮುನಿ.

ಸೊಸೆವೂರಿನಲ್ಲಿ, ಅಂದರೆ ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿಯಲ್ಲಿ, ಹುಲಿಯೊಂದು ಮೇಲೆರಗಿದಾಗ ಸುದತ್ತ ಮುನಿಗಳು ‘ಹೊಯ್ ಸಳ’ ಎಂದರೆಂದೂ, ಸಳನು ಅದನ್ನು ಕೊಂದನೆಂದೂ ಐತಿಹ್ಯ. ಆದರೆ ಪೊಯ್ಸಳ ಎಂಬ ಹೆಸರು 11ನೇ ಶತಮಾನದ ಆರಂಭದ ಶಾಸನದಲ್ಲಿಯೇ ದೊರೆಯುತ್ತದೆ. ಕಥೆಯಾದರೋ ವಿಷ್ಣುವರ್ಧನನ ಕಾಲದಿಂದೀಚೆಗೆ ಪ್ರಚಾರಕ್ಕೆ ಬಂದಂತೆ ತೋರುತ್ತದೆ. ಆತನು ತಲಕಾಡಿನಲ್ಲಿ ಚೋಳರನ್ನು ಗೆದ್ದುದನ್ನು, ಚೋಳರ ಲಾಂಛನವೂ ಹುಲಿಯೇ ಆಗಿದ್ದುದನ್ನು ಗಮನಿಸಿ, ಈ ಶಿಲ್ಪವು ಆ ವಿಜಯದ ಸಂಕೇತವೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಇಲ್ಲಿ ಆಚಾರದ ಪ್ರಶ್ನೆಯೊಂದು ಏಳುತ್ತದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ವಿಧ. ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತೊರೆಯಬೇಕು. ಆತ್ಮರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು. ಆದರೆ ಮಹಾವ್ರತಿಯಾದ ಮುನಿಯು ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ತ್ಯಜಿಸಿರುತ್ತಾನೆ. ‘ಹೊಯ್’ ಎನ್ನುವುದು ಕಾರಿತವೇ. ತನ್ನ ಪ್ರಾಣಕ್ಕೆ ಸಂಕಟ ಬಂದರೂ ಅದನ್ನು ಉಪಸರ್ಗವೆಂದು ಸಹಿಸುವುದು ಮುನಿಧರ್ಮ. ಆದುದರಿಂದ ಈ ಕಥೆ ಮುನಿಚರಿತೆಯಲ್ಲ, ರಾಜವಂಶವು ತನ್ನ ಉದಯವನ್ನು ಹೇಳಿಕೊಂಡ ಬಗೆ ಎಂದು ತಿಳಿಯುವುದೇ ಯುಕ್ತ.

ಹಾಗೆಂದು ಕಥೆಯ ಬೆಲೆ ಕುಂದದು. ವಿಷ್ಣುವಿಗೂ ಶಿವನಿಗೂ ಗುಡಿ ಕಟ್ಟಿಸಿದ ಅರಸುಮನೆತನ ತನ್ನ ಮೊದಲ ಆಶೀರ್ವಾದವನ್ನು ಜೈನಗುರುವಿನಿಂದ ಪಡೆದೆನೆಂದು ಹೇಳಿಕೊಂಡಿತು. ನಮ್ಮ ಗುರುಗಳಿಗೆ ಆ ನಾಡಿನಲ್ಲಿದ್ದ ಗೌರವಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಬಸದಿಗಳ ಸಭೆಗಳಲ್ಲಿ, ಮಕ್ಕಳ ಪಾಠಗಳಲ್ಲಿ ಈ ಪ್ರಸಂಗವನ್ನು ಹೇಳುವಾಗ ಎರಡನ್ನೂ ಬೇರ್ಪಡಿಸಿ ಹೇಳಬೇಕು. ಅಭಿಮಾನ ಪಡಬೇಕಾದದ್ದು ಆ ಗೌರವಕ್ಕೆ, ಹೊಡೆತಕ್ಕಲ್ಲ. ಕುಲದ ಕೀರ್ತಿಗಾಗಿ ವ್ರತದ ಅರ್ಥವನ್ನು ಸಡಿಲಿಸಿದರೆ ಕೀರ್ತಿಯೂ ಉಳಿಯದು, ವ್ರತವೂ ಉಳಿಯದು.