ಬದಿ ಬದಲಾವಣೆ

ನನ್ನ ಸೋದರತ್ತೆಯನ್ನು ಕೊಟ್ಟದ್ದು ಉಡುಮಲಪೇಟೆಯ ಒಂದು ದೇವಾಂಗ ಮನೆತನಕ್ಕೆ. ಮಗ್ಗದ ಮನೆ; ಒಳಗೆ ಕನ್ನಡ, ಬೀದಿಯಲ್ಲಿ ತಮಿಳು. ಒಂದು ಆಷಾಢದ ಸಂಜೆ ಅತ್ತೆಯೊಡನೆ ಟೆನಿಸ್ ಅಂಗಳವೊಂದರ ಬಳಿ ನಿಂತಿದ್ದೆ. ಆಡುತ್ತಿದ್ದ ಹುಡುಗರಿಬ್ಬರು ಬಲೆಯನ್ನು ಬಳಸಿ ನಡೆದು ಜಾಗ ಬದಲಿಸಿಕೊಂಡರು. "ಗೆಲ್ಲುತ್ತಿರುವವನು ತನ್ನ ಜಾಗವನ್ನೇಕೆ ಬಿಟ್ಟುಕೊಡುತ್ತಾನೆ?" ಎಂದು ಅತ್ತೆ ಕೇಳಿದರು. ದಣಿವಾರಿಸಿಕೊಳ್ಳಲು ಎಂದುಬಿಟ್ಟೆ. ಅದು ತಪ್ಪು ಉತ್ತರವೆಂದು ಆಮೇಲೆ ಓದಿ ತಿಳಿದೆ.

1877ರಲ್ಲಿ ವಿಂಬಲ್ಡನ್ನಿನ ಮೊದಲ ಪಂದ್ಯಾವಳಿ ನಡೆದಾಗ ಆಟಗಾರರು ಬದಿ ಬದಲಿಸುತ್ತಿದ್ದದ್ದು ಒಂದು ಸೆಟ್ ಮುಗಿದ ಮೇಲೆ ಮಾತ್ರ. ಬಿಸಿಲು ಗಾಳಿಗಳಿಂದ ಒಂದು ಬದಿಗೆ ಹೆಚ್ಚಿನ ಅನುಕೂಲವಿದೆಯೆಂದು ಯಾರಾದರೂ ದೂರಿದರೆ, ಇನ್ನೂ ಬೇಗ ಬದಲಿಸುವಂತೆ ಅಂಪೈರ್ ಹೇಳಬಹುದೆಂಬ ನಿಯಮ ಅನಂತರ ಬಂತು. ಕೊನೆಗೆ ದೂರಿನ ಅಗತ್ಯವೇ ಇಲ್ಲದಂತೆ, 1, 3, 5 ಹೀಗೆ ಪ್ರತಿಯೊಂದು ಬೆಸ ಗೇಮಿನ ಬಳಿಕವೂ ಬದಲಿಸುವುದು ಕಟ್ಟುಪಾಡಾಯಿತು. ಟೈಬ್ರೇಕಿನಲ್ಲಿ 6 ಪಾಯಿಂಟುಗಳಿಗೊಮ್ಮೆ ಬದಲಾವಣೆ.

ಬೆಸ ಸಂಖ್ಯೆಯೇ ಏಕೆ? ಸರ್ವ್ ಮಾಡುವ ಸರದಿ ಗೇಮಿನಿಂದ ಗೇಮಿಗೆ ಬದಲಾಗುತ್ತದೆ. ಮೊದಲ ಗೇಮಿನ ನಂತರ ಬದಿ ಬದಲಿಸಿದರೆ, ಒಬ್ಬನು ಯಾವ ತುದಿಯಿಂದ ಸರ್ವ್ ಮಾಡಿದನೋ ಎರಡನೆಯವನೂ ಅದೇ ತುದಿಯಿಂದ ಮಾಡುತ್ತಾನೆ. ಮುಂದಿನ ಎರಡು ಗೇಮುಗಳಲ್ಲಿ ಇಬ್ಬರಿಗೂ ಇನ್ನೊಂದು ತುದಿ. ಅನುಕೂಲವೂ ಕಷ್ಟವೂ ಜೋಡಿಜೋಡಿಯಾಗಿ ಹಂಚಿಹೋಗುತ್ತವೆ.

ಇದರ ಅರ್ಥ ಉಡುಮಲಪೇಟೆಯಲ್ಲಿ ಚೆನ್ನಾಗಿ ಆಗುತ್ತದೆ. ಸುಮಾರು 30 ಕಿಲೋಮೀಟರ್ ಅಗಲದ ಪಾಲಕ್ಕಾಡಿನ ಕಂಡಿಯಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುಗಾಳಿ ನುಗ್ಗಿ ಕೊಯಮತ್ತೂರು, ಪಲ್ಲಡಂ, ಉಡುಮಲಪೇಟೆಗಳ ಬಯಲಿಗೆ ಹರಡುತ್ತದೆ. ಅಲ್ಲಿಯ ಗಾಳಿಯಂತ್ರಗಳು ತಿರುಗುವುದು ಇದರಿಂದಲೇ. ಇಳಿಬಿಸಿಲು ಕಣ್ಣಿಗೆ ಬೀಳದಿರಲೆಂದು ಅಂಗಳವನ್ನು ಉತ್ತರ-ದಕ್ಷಿಣವಾಗಿ ಹಾಕುವುದು ವಾಡಿಕೆ. ಆಗ ಪಡುಗಾಳಿ ಅಡ್ಡಲಾಗಿ ಬೀಸುತ್ತದೆ: ಉತ್ತರಕ್ಕೆ ಮುಖಮಾಡಿದವನಿಗೆ ಎಡದಿಂದ, ದಕ್ಷಿಣಕ್ಕೆ ಮುಖಮಾಡಿದವನಿಗೆ ಬಲದಿಂದ. ನಡುಹಗಲಿನ ಸೂರ್ಯನೋ, ಜೂನ್‌ನಲ್ಲಿ ಅಲ್ಲಿ ನೆತ್ತಿಗಿಂತ ಉತ್ತರಕ್ಕೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ. ಸದಾ ಒಳ್ಳೆಯದೆನ್ನುವ ಬದಿಯೇ ಇಲ್ಲ.

ವಿಶ್ರಾಂತಿ ಆಮೇಲೆ ಸೇರಿಕೊಂಡದ್ದು. ವಿಂಬಲ್ಡನ್ನಿನಲ್ಲಿ ಬದಿ ಬದಲಿಸುವಾಗ ಕೂರಲು ಕುರ್ಚಿ ಹಾಕಿದ್ದು 1975ರಲ್ಲಿ. ಈಗ 90 ಸೆಕೆಂಡುಗಳ ಬಿಡುವುಂಟು. ಆದರೆ ಸೆಟ್ಟಿನ ಮೊದಲ ಗೇಮಿನ ಬಳಿಕ ಮತ್ತು ಟೈಬ್ರೇಕಿನಲ್ಲಿ ಅದೂ ಇಲ್ಲ, ನಿಲ್ಲದೆ ದಾಟಬೇಕು.

ಅತ್ತೆಯ ಮಾವನವರು ಕೊಳ್ಳೇಗಾಲದವರು. ಅವರು ಉಡುಮಲಪೇಟೆಗೆ ಬಂದಾಗ ಎರಡೂ ಊರು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಮ್ಮ ಕಾಸರಗೋಡು ಕೇರಳಕ್ಕೆ ಬಂತು. ಜನ ಇದ್ದಲ್ಲೇ ಇದ್ದರು, ಗೆರೆ ದಾಟಿತು.

ಮರುವರ್ಷ ಹೋದಾಗ ಅತ್ತೆಗೆ ಸರಿಯಾದ ಉತ್ತರ ಹೇಳಿದೆ. "ಅಂದರೆ ಕಷ್ಟದ ಬದಿ ಒಬ್ಬರಿಗೇ ಉಳಿಯುವುದಿಲ್ಲ" ಎಂದರು.

"ಅಂಗಳದೊಳಗೆ ಹಾಗೆ" ಎಂದೆ.