ಜೌಲ್‌ಬುಕ್‌ನಿಂದ ಕಾದಂಬರಿಗೆ

ಕತೆ ಎಂದೊಡನೆ ನಿಮಗೆ ಅಜ್ಜಿಯ ಮಡಿಲೂ ನಿದ್ದೆಗೆ ಜಾರುವ ಮಗುವೂ ನೆನಪಾಗಬಹುದು. ಮಿಜೋರಾಂ ಬೆಟ್ಟಗಳಲ್ಲಿ ಕತೆಗೆ ಇನ್ನೊಂದು ನೆಲೆಯೂ ಇತ್ತು. ಅದು ಜೌಲ್‌ಬುಕ್, ಊರಿನ ಅವಿವಾಹಿತ ಯುವಕರು ರಾತ್ರಿ ತಂಗುತ್ತಿದ್ದ ದೊಡ್ಡ ಮನೆ. ಚಿಕ್ಕ ಹುಡುಗರು ಸೌದೆ ತಂದೊಟ್ಟಬೇಕು. ಆ ಬೆಂಕಿಯ ಸುತ್ತ ಬೇಟೆಯ, ಕಾಳಗದ ಕತೆಗಳು, ಒಮ್ಮೆ ಜಾಣನಾಗಿ ಒಮ್ಮೆ ಶುದ್ಧ ಪೆದ್ದನಾಗಿ ಕಾಣುವ ಛುರಾನ ಪ್ರಸಂಗಗಳು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರ ಕತೆಗಳೇನಿದ್ದರೂ ಮನೆಯ ಒಲೆಯ ಬಳಿ.

ಬರಹವಿಲ್ಲದ್ದಕ್ಕೂ ಮಿಜೋ ಜನರಲ್ಲಿ ಕತೆಯೊಂದಿದೆ. ಅವರ ಅಕ್ಷರಗಳು ತೊಗಲಿನ ಮೇಲಿದ್ದುವಂತೆ, ಅದನ್ನು ನಾಯಿ ತಿಂದುಬಿಟ್ಟಿತಂತೆ! 1894ರಲ್ಲಿ ಬಂದ ಮಿಷನರಿಗಳಾದ ಲೊರೆನ್ ಮತ್ತು ಸ್ಯಾವಿಜ್ ರೋಮನ್ ಅಕ್ಷರಗಳಲ್ಲಿ ಮಿಜೋ ಬರವಣಿಗೆಯನ್ನು ರೂಪಿಸಿದರು. ಅಲ್ಲಿಂದ 42 ವರ್ಷಕ್ಕೆ, 1936ರಲ್ಲಿ, ಎಲ್. ಬಿಯಾಕ್ಲಿಯಾನಾ ಮೊದಲ ಮಿಜೋ ಕಾದಂಬರಿ 'ಹಾವಿಲೋಪಾರಿ'ಯನ್ನು ಬರೆದರು. ಮರುವರ್ಷದ ಅವರ ಸಣ್ಣಕತೆ 'ಲಾಲಿ'ಯೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕುಡುಕ ತಂದೆಯ ದರ್ಪ, ಮಗಳ ಮಾತಿಗೆ ಬೆಲೆಯಿಲ್ಲದ ಮನೆ ಅದರ ವಸ್ತು. ಜೌಲ್‌ಬುಕ್‌ನ ಹೊಸಿಲು ದಾಟದಿದ್ದ ಹೆಣ್ಣು ಇಲ್ಲಿ ಕತೆಯ ನಡುವೆ ಬಂದು ನಿಂತಳು. ಶಾಲೆ, ಚರ್ಚುಗಳ ಹೊಸ ಬದುಕಿನಲ್ಲಿ ಜೌಲ್‌ಬುಕ್ ತಾನೇ 1938ರ ಹೊತ್ತಿಗೆ ಕೊನೆಗೊಂಡಿತು.

ಕತೆ ಹೇಳುವವರ ಬಾಯನ್ನೇ ಕಟ್ಟಿದ ಕಾಲ ಬಂದದ್ದು ಆಮೇಲೆ. ಬಿದಿರು ಹೂ ಬಿಟ್ಟು, ಇಲಿಗಳು ಹೆಚ್ಚಿ ಬೆಳೆ ನಾಶವಾಗಿ, 1959ರ ಸುಮಾರಿಗೆ ಕ್ಷಾಮ ತಲೆದೋರಿತು. ಆ ಅಸಮಾಧಾನದಿಂದ ಬೆಳೆದ ಮಿಜೋ ನ್ಯಾಷನಲ್ ಫ್ರಂಟ್ 1966ರ ಮಾರ್ಚ್‌ನಲ್ಲಿ ಬಂಡೆದ್ದಿತು. ಅದೇ ತಿಂಗಳು ಐಜ್ವಾಲ್ ಮೇಲೆ ನಮ್ಮದೇ ವಾಯುಪಡೆಯ ವಿಮಾನಗಳು ದಾಳಿ ನಡೆಸಿದವು. 1967ರಿಂದ ಊರೂರನ್ನೇ ಎಬ್ಬಿಸಿ, ಸೇನೆಯ ಕಾವಲಿನ ಗುಂಪುಹಳ್ಳಿಗಳಿಗೆ ಸಾಗಿಸಲಾಯಿತು. ಬಿಟ್ಟುಬಂದ ಎಷ್ಟೋ ಮನೆಗಳಿಗೆ ಬೆಂಕಿ ಬಿತ್ತು. ಕತ್ತಲಾದರೆ ಕರ್ಫ್ಯೂ. ನೆರೆಯವನೇ ಮಾಹಿತಿ ಕೊಡುವವನಿರಬಹುದೆಂಬ ಅಂಜಿಕೆಯಲ್ಲಿ ಯಾರು ಯಾರಿಗೆ ಕತೆ ಹೇಳಿಯಾರು? ಆ ವರ್ಷಗಳನ್ನು ಅಲ್ಲಿನವರು 'ರಂಬುಆಯ್', ಅಂದರೆ ನಾಡು ಕದಡಿದ ಕಾಲ, ಎಂದು ಕರೆಯುತ್ತಾರೆ.

ಒಪ್ಪಂದವಾದದ್ದು 1986ರ ಜೂನ್ 30ರಂದು. ಮರುವರ್ಷ ಮಿಜೋರಾಂ ರಾಜ್ಯವಾಯಿತು. ನೆನಪುಗಳಿಗೆ ಮಾತು ಸಿಗಲು ಮಾತ್ರ ಇನ್ನೂ ಸಮಯ ಹಿಡಿಯಿತು. ಬಂಡಾಯದಲ್ಲಿದ್ದು ಸೆರೆವಾಸ ಕಂಡಿದ್ದ ಜೇಮ್ಸ್ ಡೊಖುಮಾ 'ಸಿಲೈಮು ಙಾಯ್‌ಹಾಮ್' ಕಾದಂಬರಿಯಲ್ಲಿ ಆ ಕಾಲದ ಪ್ರೇಮಕತೆಯನ್ನು ಹೇಳಿದರು. 2015ರಲ್ಲಿ ಬಂದ ಮಾಲ್ಸೋಮಿ ಜೇಕಬ್ ಅವರ ಇಂಗ್ಲಿಷ್ ಕಾದಂಬರಿ 'ಜೋರಾಮಿ' ಇನ್ನೂ ಮುಂದೆ ಹೋಗುತ್ತದೆ. ಎಳೆಯ ವಯಸ್ಸಿನಲ್ಲಿ ಸೈನಿಕನೊಬ್ಬನ ಅತ್ಯಾಚಾರಕ್ಕೆ ಗುರಿಯಾದ ಹೆಣ್ಣು ಅದರ ನಾಯಕಿ. ಆ ಗಾಯ ಅವಳ ಸಂಸಾರದೊಳಗೂ ಅವಳ ಜೊತೆ ಬರುತ್ತದೆ.